ಮಕ್ಕಳಿಗೆ ಕುರಿಯ ಒಂದು ವರ್ಷ ಪೂರ್ತಿ ತೋರಿಸಿ

ಸಂಪಾದಕರಿಗೆ,

ಮಾನ್ಯರೇ,

ದೀಪಾವಳಿ ರಜೆ ಮುಗಿಯಿತೆಂದರೆ ಪುಣೆ, ಮುಂಬಯಿಯ ಶಾಲೆಗಳು ಹಳ್ಳಿಪ್ರವಾಸಕ್ಕೆ ಬಸ್ಸು ಗೊತ್ತುಮಾಡತೊಡಗುತ್ತವೆ. ಕೃಷಿ ಪ್ರವಾಸ ಕೇಂದ್ರದಲ್ಲಿ ಮಕ್ಕಳು ಎತ್ತಿನ ಗಾಡಿ ಹತ್ತುತ್ತಾರೆ, ಸೀತನಿ ಎಂಬ ಸುಟ್ಟ ಎಳೆಜೋಳ ತಿನ್ನುತ್ತಾರೆ, ಒಂದು ಕುರಿಮರಿಯನ್ನು ಸರದಿಯಂತೆ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಮರಿಯ ತಾಯಿ ಎಲ್ಲಿ, ಅದು ಏನು ತಿಂದು ಬೆಳೆಯುತ್ತದೆ, ಇನ್ನು ಆರು ತಿಂಗಳಿಗೆ ಅದು ಎಲ್ಲಿರುತ್ತದೆ ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ, 6ರಿಂದ 8ನೇ ತರಗತಿಯೊಳಗೆ ಪ್ರತಿ ಮಗುವೂ 10 ದಿನ ಪುಸ್ತಕದ ಚೀಲ ಬಿಟ್ಟು ಊರಿನ ಕಸುಬುದಾರರ ಬಳಿ ಕಲಿಯಬೇಕು ಎನ್ನುತ್ತದೆ. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಇಲ್ಲಿನ ಕನ್ನಡ ಶಾಲೆಗಳು ಮತ್ತು ಕನ್ನಡ ಸಂಘಗಳಿಗೆ ನಮ್ಮ ಬೇಡಿಕೆ ಒಂದೇ: ಆ ಹತ್ತು ದಿನಗಳಲ್ಲಿ ನಾಲ್ಕನ್ನು ಕುರಿಗೆ ಕೊಡಿ. ನಾಲ್ಕನ್ನೂ ಒಂದೇ ವಾರದಲ್ಲಿ ಮುಗಿಸಬೇಡಿ. ಮಳೆ ಹಿಡಿದಾಗ ಒಂದು, ಕುರಿ ಈಯುವಾಗ ಒಂದು, ಮರಿ ಹಾಲು ಬಿಟ್ಟ ಮೇಲೆ ಒಂದು, ಮಾರುವ ಹೊತ್ತಿಗೆ ಒಂದು. ಆದಷ್ಟು ಅದೇ ಹಿಂಡು, ಅದೇ ಕುರಿಗಾರ. ಊಟ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಮಕ್ಕಳಿಗೆ ಕಾಣದೆ ಉಳಿಯುವುದು ಕಾಲ. ಕಾಲವನ್ನು ಒಂದು ದಿನದ ಪ್ರವಾಸದಲ್ಲಿ ತೋರಿಸಲು ಬರುವುದಿಲ್ಲ.

ಕುರಿಯ ವರ್ಷ ಶಾಲೆಯ ವರ್ಷಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಜೂನ್ ತಿಂಗಳ ಮಳೆಗೆ ಹುಲ್ಲು ಚಿಗುರಿ ಕುರಿ ಮೈತುಂಬಿಕೊಂಡಾಗ ಬೆದೆಗೆ ಬರುತ್ತದೆ. 25ರಿಂದ 30 ಹೆಣ್ಣು ಕುರಿಗೆ ಒಂದು ಟಗರು ಸಾಕು. ಬೆದೆಯ ಸುತ್ತು 17 ದಿನ. ಆ ಸಲ ನಿಲ್ಲದಿದ್ದರೆ ಮತ್ತೆ 17 ದಿನಕ್ಕೆ ಟಗರು ಹಿಂದೆ ಬೀಳುತ್ತದೆ, ಇದನ್ನು ಕುರಿಗಾರ ನೆನಪಿನಲ್ಲೇ ಲೆಕ್ಕ ಇಡುತ್ತಾನೆ. ಗಬ್ಬದ ಅವಧಿ 147ರಿಂದ 150 ದಿನ. ಜುಲೈ ಮೊದಲ ವಾರ ಗಬ್ಬ ಕಟ್ಟಿದ ಕುರಿ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದೊಳಗೆ ಈಯಬೇಕು. ಮೊದಲ ಭೇಟಿಯಲ್ಲೇ ಪ್ರತಿ ಮಗುವಿಗೂ ಒಂದೊಂದು ಕುರಿ ಒಪ್ಪಿಸಿ, ಅದರ ಕಿವಿಯ ಗುರುತು ಬರೆಸಿ, ಈಯುವ ದಿನ ಲೆಕ್ಕ ಹಾಕಿಸಿ. ಐದು ತಿಂಗಳು ಕಾಯುವುದೇ ಪಾಠದ ಅರ್ಧ.

ಟಗರು ಬಿಡುವ ಮೂರು ವಾರ ಮೊದಲಿನಿಂದ ಕುರಿಗೆ ದಿನಕ್ಕೆ 200ರಿಂದ 250 ಗ್ರಾಂ ಕಾಳು ಕೊಟ್ಟರೆ ಹೆಚ್ಚು ಕುರಿ ಗಬ್ಬ ನಿಲ್ಲುತ್ತವೆ. ಇದು ಬಲ್ಲ ಕುರಿಗಾರರ ಹಳೆಯ ಪದ್ಧತಿ. ಅದೇ ಟಗರನ್ನು ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡರೆ ತನ್ನ ಹೆಣ್ಣುಮರಿಗಳಿಗೇ ಬೀಳುತ್ತದೆ. ಮರಿಗಳು ಸಣ್ಣದಾಗಿ, ದುರ್ಬಲವಾಗಿ ಹುಟ್ಟುತ್ತವೆ. ಹಾಗಾಗಿಯೇ ಟಗರಿನ ಅದಲುಬದಲು. ಏಳನೆಯ ತರಗತಿಯ ಮಗುವಿಗೆ ವಂಶವಾಹಿಯ ಪಾಠ ಇದಕ್ಕಿಂತ ಸುಲಭವಾಗಿ ತಿಳಿಯುವ ಜಾಗ ಇನ್ನೊಂದಿಲ್ಲ. ಸಾಧ್ಯವಾದರೆ ಸಾತಾರಾ ಜಿಲ್ಲೆಯ ಫಲಟಣಕ್ಕೂ ಕರೆದೊಯ್ಯಿರಿ. ಅಲ್ಲಿನ ನಿಂಬ್ಕರ್ ಕೃಷಿ ಸಂಶೋಧನ ಸಂಸ್ಥೆ, ಬಂಗಾಳದ ಸುಂದರಬನದ ಗಾರೋಲ್ ಕುರಿಯಲ್ಲಿರುವ ಅವಳಿ ಮರಿಯ ಗುಣವನ್ನು ನಮ್ಮ ದಖ್ಖನಿ ಕುರಿಗೆ ತಂದು ನಾರಿ ಸುವರ್ಣ ಎಂಬ ತಳಿ ರೂಪಿಸಿದೆ. ಅವಳಿ ಎಂದರೆ ದುಪ್ಪಟ್ಟು ಲಾಭವಲ್ಲವೇ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಮೇವು ದುಪ್ಪಟ್ಟಾಗದೆ ಮರಿ ದುಪ್ಪಟ್ಟಾದರೆ ತಾಯಿಯ ಹಾಲು ಎರಡಕ್ಕೂ ಸಾಲದೆ ಎರಡೂ ಸೊರಗುತ್ತವೆ. ಆ ಮಾತನ್ನೂ ಅಲ್ಲೇ ಹೇಳಬೇಕು.

ಡಿಸೆಂಬರಿನ ಭೇಟಿ ಎಲ್ಲಕ್ಕಿಂತ ಮುಖ್ಯವಾದದ್ದು. ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದೂ ಆಗಲೇ. ಈಯುವ ಕುರಿ ಹಿಂಡಿನಿಂದ ಬೇರೆಯಾಗಿ ಮೂಲೆ ಹಿಡಿಯುತ್ತದೆ, ನೆಲ ಕೆರೆಯುತ್ತದೆ, ಕೆಚ್ಚಲು ಬಿಗಿಯುತ್ತದೆ. ಸರಿಯಾಗಿ ಬರುವ ಮರಿಯ ಎರಡು ಮುಂಗಾಲು ಮೊದಲು ಕಾಣುತ್ತವೆ, ಅವುಗಳ ಮೇಲೆ ಮೂತಿ ಒರಗಿರುತ್ತದೆ. ಒಂದೇ ಕಾಲು, ಅಥವಾ ಕಾಲಿಲ್ಲದೆ ಬರೀ ತಲೆ, ಅಥವಾ ಬಾಲ ಕಂಡರೆ ಮರಿ ಅಡ್ಡ ಸಿಕ್ಕಿದೆ ಎಂದೇ ಅರ್ಥ. ಅರ್ಧ ಗಂಟೆ ಗಟ್ಟಿಯಾಗಿ ತಿಣುಕಿದರೂ ಮುಂದುವರಿಯದಿದ್ದರೆ ಪಶುವೈದ್ಯರನ್ನು ಕರೆಯಬೇಕು. ಮಕ್ಕಳು ಇದನ್ನೆಲ್ಲ ಇಪ್ಪತ್ತು ಹೆಜ್ಜೆ ದೂರ ಕುಳಿತು, ಸದ್ದಿಲ್ಲದೆ ನೋಡಬಹುದು. ಹತ್ತಿರ ಹೋದರೆ ಕುರಿ ತಿಣುಕುವುದನ್ನು ನಿಲ್ಲಿಸಿ ಎದ್ದು ಓಡುತ್ತದೆ.

ಹುಟ್ಟಿದ ಮರಿಯ ಹೊಕ್ಕುಳ ಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಬಿಟ್ಟರೆ ಅಲ್ಲಿಂದ ನಂಜೇರಿ ಕೆಲವೇ ವಾರಗಳಲ್ಲಿ ಕೀಲು ಬಾತು ಮರಿ ಕುಂಟಬಹುದು. ಮೊದಲ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಲೇಬೇಕು. ಮರಿಯ ತೂಕದ ಪ್ರತಿ ಕಿಲೋಗೆ 50 ಮಿ.ಲೀ. ಎಂದು ಹಿಡಿದರೆ, 3 ಕಿಲೋ ಮರಿಗೆ ಮೊದಲ ಸಲ 150 ಮಿ.ಲೀ. ರೋಗ ತಡೆಯುವ ಶಕ್ತಿ ಕುರಿಮರಿಗೆ ಹೊಟ್ಟೆಯಲ್ಲಿದ್ದಾಗ ತಾಯಿಯ ರಕ್ತದಿಂದ ಬರುವುದಿಲ್ಲ. ಗಿಣ್ಣಿನಿಂದಲೇ ಬರಬೇಕು, ಮತ್ತು ಒಂದು ದಿನ ಕಳೆದ ಮೇಲೆ ಮರಿಯ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಮರುದಿನ ಎಷ್ಟು ಹಾಲು ಕುಡಿಸಿದರೂ ಆ ಹೊತ್ತು ಮರಳಿ ಬರದು.

ಇನ್ನು ಮರಿ ಎತ್ತಿಕೊಳ್ಳುವ ವಿಷಯ. ತಾಯಿ ತನ್ನ ಮರಿಯನ್ನು ಗುರುತಿಸುವುದು ವಾಸನೆಯಿಂದ. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ನೆಕ್ಕುತ್ತ ನೆಕ್ಕುತ್ತ ಆ ಗುರುತು ಕೂಡುತ್ತದೆ. ಆಗ ಮೂವತ್ತು ಮಕ್ಕಳು ಸೋಪು, ಕ್ರೀಮು, ಸೆಂಟಿನ ಕೈಗಳಲ್ಲಿ ಮರಿಯನ್ನು ದಾಟಿಸಿಕೊಂಡರೆ, ತಿರುಗಿ ಬಿಟ್ಟಾಗ ತಾಯಿ ಮೂಸಿ ಹಾಯುತ್ತದೆ, ಮೊಲೆ ಕೊಡುವುದಿಲ್ಲ. ಮಕ್ಕಳ ಕೈಗೆ ಮರಿ ಕೊಡುವುದಾದರೆ ಎರಡು ವಾರ ದಾಟಿದ್ದನ್ನೇ ಕೊಡಿ, ನೆಲದ ಮೇಲೆ ಕೂರಿಸಿ ಕೊಡಿ, ಒಂದು ಮರಿಗೆ ಇಬ್ಬರು ಮಕ್ಕಳು ಸಾಕು. ಈದ ಜಾಗದ ಕಸ, ಮಾಸು, ರಕ್ತ ಯಾವುದನ್ನೂ ಮಕ್ಕಳು ಮುಟ್ಟಬಾರದು. ಬಸುರಿ ಶಿಕ್ಷಕಿಯರು ಈ ಭೇಟಿಗೆ ಬರದಿರುವುದೇ ಒಳ್ಳೆಯದು. ಕುರಿಯಲ್ಲಿ ಕಂದು ಹಾಕಿಸುವ, ಅಂದರೆ ಗರ್ಭಪಾತ ಮಾಡಿಸುವ, ಬ್ರುಸೆಲ್ಲಾದಂಥ ರೋಗಾಣುಗಳು ಮನುಷ್ಯರಿಗೂ ಅಂಟುತ್ತವೆ.

ಎರಡನೆಯ ದೊಡ್ಡ ತಪ್ಪು ತಿನಿಸುವುದು. ಮಗು ಪ್ರೀತಿಯಿಂದ ಬಿಸ್ಕತ್ತು, ಚಪಾತಿ, ಡಬ್ಬಿಯ ಅನ್ನ ಕೊಡುತ್ತದೆ. ಕುರಿ ಆಸೆಯಿಂದ ತಿನ್ನುತ್ತದೆ. ಕುರಿಯ ಹೊಟ್ಟೆಗೆ ನಾಲ್ಕು ಭಾಗ. ಮೊದಲನೆಯ ದೊಡ್ಡ ಭಾಗದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುದುಗಿಸಿ ಕರಗಿಸುತ್ತವೆ. ಆ ಜೀವಿಗಳಿಗೆ ಹುಲ್ಲು ರೂಢಿ. ಒಮ್ಮೆಲೇ ಹಿಟ್ಟು, ಅಕ್ಕಿ ಬಿದ್ದರೆ ಬೇರೆ ಬಗೆಯ ಜೀವಿಗಳು ಹೆಚ್ಚಿ ಹೊಟ್ಟೆಯೊಳಗೆ ಹುಳಿ ಏರುತ್ತದೆ, ಕುರಿ ಮೆಲುಕು ನಿಲ್ಲಿಸುತ್ತದೆ, ಹಲ್ಲು ಕಡಿಯುತ್ತದೆ, ಭೇದಿಯಾಗಿ ಮಲಗಿಬಿಡುತ್ತದೆ. ಒಂದೆರಡು ದಿನದಲ್ಲಿ ಸಾಯುವುದೂ ಉಂಟು. ಅದೇ ಹೊತ್ತಿಗೆ ಕರುಳುಬೇನೆಯ ರೋಗಾಣುವೂ ಹೆಚ್ಚುತ್ತದೆ. ಸಂಜೆ ಚೆನ್ನಾಗಿದ್ದ ಮರಿ ಬೆಳಗಾಗುವಷ್ಟರಲ್ಲಿ ಸತ್ತಿರುವುದು ಹಾಗೆ, ಅದೂ ಹಿಂಡಿನ ಅತ್ಯಂತ ಕೊಬ್ಬಿದ ಮರಿ. ಮಕ್ಕಳ ಬಸ್ಸು ಅಷ್ಟರಲ್ಲಿ ಊರು ಸೇರಿರುತ್ತದೆ, ನಷ್ಟ ಕುರಿಗಾರನ ಮನೆಯಲ್ಲಿ ಉಳಿಯುತ್ತದೆ. ತಿಂಡಿ ಡಬ್ಬಿಗಳು ಬಸ್ಸಿನಲ್ಲೇ ಇರಲಿ. ಪ್ಲಾಸ್ಟಿಕ್ ಚೀಲಗಳೂ ಅಲ್ಲೇ ಇರಲಿ. ಉಪ್ಪಿನ ವಾಸನೆಗೆ ಕುರಿ ಅವನ್ನು ನುಂಗುತ್ತದೆ, ಮೊದಲ ಹೊಟ್ಟೆಯಿಂದ ಅವು ಕೆಳಗಿಳಿಯುವುದೇ ಇಲ್ಲ.

ತಿನಿಸುವ ಬದಲು ತಿನ್ನುವುದನ್ನು ನೋಡಲಿ. ಕುರಿಯ ಮೇಲ್ದವಡೆಯಲ್ಲಿ ಮುಂಹಲ್ಲಿಲ್ಲ, ಗಟ್ಟಿ ಒಸಡಿದೆ. ಕೆಳಗಿನ ಎಂಟು ಹಲ್ಲನ್ನು ಆ ಒಸಡಿಗೆ ಒತ್ತಿ ಹುಲ್ಲನ್ನು ಕಿತ್ತು ತಿನ್ನುತ್ತದೆ. ಆ ಎಂಟು ಹಲ್ಲು ವಯಸ್ಸನ್ನೂ ಹೇಳುತ್ತವೆ. ಎಲ್ಲವೂ ಸಣ್ಣ ಹಾಲುಹಲ್ಲಾಗಿದ್ದರೆ ವರ್ಷದೊಳಗಿನದು. ನಡುವಿನ ಎರಡು ದೊಡ್ಡದಾಗಿದ್ದರೆ ಒಂದರಿಂದ ಒಂದೂವರೆ ವರ್ಷ. ನಾಲ್ಕಾದರೆ ಎರಡರ ಆಸುಪಾಸು. ಎಂಟೂ ದೊಡ್ಡದಾಗಿ ಬಾಯಿ ಕೂಡಿದ್ದರೆ ನಾಲ್ಕು ವರ್ಷದ ಹತ್ತಿರ. ಸಂತೆಯಲ್ಲಿ ಬಾಯಿ ತೆಗೆಸಿ ನೋಡುವುದು ಇದನ್ನೇ. ಮಧ್ಯಾಹ್ನ ನೆರಳಿನಲ್ಲಿ ಮಲಗಿದ ಒಂದು ಕುರಿಯನ್ನು ಆರಿಸಿ ಮೆಲುಕು ಎಣಿಸಲು ಹೇಳಿ. ಗಂಟಲಿನಲ್ಲಿ ಉಂಡೆ ಮೇಲೇರುವುದು ಕಣ್ಣಿಗೆ ಕಾಣುತ್ತದೆ, ಒಂದು ಉಂಡೆಗೆ ನಲವತ್ತು, ಐವತ್ತು, ಅರವತ್ತು ಸಲ ಜಗಿಯುತ್ತದೆ, ನುಂಗುತ್ತದೆ, ಇನ್ನೊಂದು ಏರುತ್ತದೆ. ಮೆಲುಕು ಹಾಕದೆ ಕತ್ತು ಇಳಿಬಿಟ್ಟು ನಿಂತ ಕುರಿಯನ್ನು ಗುರುತಿಸಲು ಕಲಿತ ಮಗು ಕುರಿಗಾರಿಕೆಯ ಮೊದಲ ಪಾಠ ಕಲಿತಂತೆ.

ತೂಕದ ಲೆಕ್ಕಕ್ಕೆ ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಎಷ್ಟು ಇಂಚು, ಭುಜದ ಮೊನೆಯಿಂದ ಪೃಷ್ಠದ ಮೂಳೆಯವರೆಗೆ ಉದ್ದ ಎಷ್ಟು ಇಂಚು ಎಂದು ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋದಲ್ಲಿ ಅಂದಾಜು ತೂಕ. ಎದೆ 26, ಉದ್ದ 24 ಇಂಚಿನ ಮರಿ 24 ಕಿಲೋ ಚಿಲ್ಲರೆ ತೂಗುತ್ತದೆ. ಉಣ್ಣೆ ದಟ್ಟವಾಗಿದ್ದರೆ ಟೇಪನ್ನು ಚರ್ಮಕ್ಕೆ ತಾಗುವಂತೆ ಎಳೆಯಬೇಕು, ಇಲ್ಲವಾದರೆ ಎರಡು ಕಿಲೋ ಸುಳ್ಳು ತೂಕ ಬರುತ್ತದೆ. ನಂತರ ಬೆನ್ನುಮೂಳೆಯ ಮೇಲೆ, ಸೊಂಟದ ಹತ್ತಿರ, ಕೈಯಿಟ್ಟು ಒತ್ತಿ ನೋಡಲಿ. ಮೂಳೆಯ ಮೊನೆ ಚುಚ್ಚಿದರೆ ಕುರಿ ಬಡಕಲು, ಒತ್ತಿದರೆ ಮಾತ್ರ ಸಿಕ್ಕರೆ ಸರಿ, ಒತ್ತಿದರೂ ಸಿಗದಿದ್ದರೆ ಕೊಬ್ಬು ಹೆಚ್ಚು. ಉಣ್ಣೆಯಿಂದಾಗಿ ದುಂಡಗೆ ಕಾಣುವ ಕುರಿ ಕೈಗೆ ಬಡಕಲಾಗಿ ಸಿಗುವುದು ಎಷ್ಟೋ ಸಲ ಜಂತಿನ ಲಕ್ಷಣ. ಆಗ ಕಣ್ಣಿನ ಕೆಳರೆಪ್ಪೆ ತಗ್ಗಿಸಿ ನೋಡಬೇಕು. ಅದು ಕೆಂಪಿರದೆ ಬಿಳಿಚಿದ್ದರೆ, ಗದ್ದದ ಕೆಳಗೆ ನೀರು ಇಳಿಬಿದ್ದಿದ್ದರೆ, ಹೊಟ್ಟೆಯೊಳಗೆ ರಕ್ತ ಹೀರುವ ಹುಳು ಇದೆ. ಮಳೆಗಾಲದ ಒದ್ದೆ ಹುಲ್ಲಿನ ತುದಿಗೆ ಆ ಹುಳುವಿನ ಮರಿಗಳು ಏರಿ ಕುಳಿತಿರುತ್ತವೆ. ಇಬ್ಬನಿ ಆರುವವರೆಗೆ ಹಿಂಡನ್ನು ಬಿಡದ ಕುರಿಗಾರ ಸುಮ್ಮನೆ ಸೋಮಾರಿಯಾಗಿ ಕುಳಿತಿರುವುದಿಲ್ಲ.

ಕಲಿಸುವವರು ನೆನಪಿಡಬೇಕಾದ ಇನ್ನೊಂದು ಮಾತು, ನಾಯಿಯದು. ಹಿಂಡಿನ ಜೊತೆ ನಾಯಿ ಇದ್ದೇ ಇರುತ್ತದೆ. ಮಕ್ಕಳು ಕುರಿಗಿಂತ ಮೊದಲು ಅದನ್ನು ಮುದ್ದಿಸಲು ಓಡುತ್ತಾರೆ. ಕುರಿಯ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಅವು ಲಾಡಿಹುಳುವಿನ ಮರಿಗೂಡು. ಅಂಥ ಅಂಗವನ್ನು ನಾಯಿಗೆ ಎಸೆದರೆ ನಾಯಿಯ ಕರುಳಿನಲ್ಲಿ ಹುಳು ಬೆಳೆದು, ಅದರ ಮೊಟ್ಟೆ ನಾಯಿಯ ಮಲದಲ್ಲಿ, ಕೂದಲಿನಲ್ಲಿ ಉಳಿಯುತ್ತದೆ. ಮಗುವಿನ ಕೈಯಿಂದ ಬಾಯಿಗೆ ಹೋದರೆ ಮಗುವಿನ ಪಿತ್ತಜನಕಾಂಗದಲ್ಲೇ ಗುಳ್ಳೆ ಕಟ್ಟುತ್ತದೆ, ವರ್ಷಗಳ ಮೇಲೆ ಆಪರೇಷನ್ ಬೇಕಾಗುತ್ತದೆ. ಆದ್ದರಿಂದ ನಾಯಿಯನ್ನು ಮುಟ್ಟಕೂಡದು, ಊಟಕ್ಕೆ ಮೊದಲು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು. ಬರೀ ಸ್ಯಾನಿಟೈಜರ್ ಸಾಲದು, ಈ ಮೊಟ್ಟೆಗಳಿಗೆ ಅದು ನಾಟುವುದಿಲ್ಲ. ನೀರು, ಮಗ್ಗು, ಸೋಪು ಶಾಲೆಯೇ ಒಯ್ಯಬೇಕು. ಕುರಿಗಾರ ಕೊಡದಲ್ಲಿ ದೂರದಿಂದ ಹೊತ್ತು ತಂದ ನೀರು ಅದಕ್ಕಲ್ಲ. ಬಾಯಿಯ ಸುತ್ತ ಹಕ್ಕಳೆಗಟ್ಟಿದ ಮರಿಯನ್ನೂ ಮುಟ್ಟಿಸಬೇಡಿ, ಆ ಬಾಯಿಹುಣ್ಣು ಮನುಷ್ಯರ ಬೆರಳಿಗೂ ಬರುತ್ತದೆ. ಒಂದು ಹಿಂಡಿನಿಂದ ಅದೇ ದಿನ ಇನ್ನೊಂದು ಹಿಂಡಿಗೆ ಹೋಗುವುದಿದ್ದರೆ ಬೂಟಿನ ಅಡಿಯನ್ನು ವಾಷಿಂಗ್ ಸೋಡಾ ನೀರಿನಲ್ಲಿ ತೊಳೆಯಬೇಕು. ಒಂದು ಲೀಟರಿಗೆ 40 ಗ್ರಾಂ ಹಾಕಿದರೆ ಕಾಲುಬಾಯಿ ಜ್ವರದ ರೋಗಾಣು ಸಾಯುತ್ತದೆ.

ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ, ಇದೆಲ್ಲ ನಮ್ಮ ಮಕ್ಕಳಿಗೇಕೆ ಎಂದು ಕೇಳುವ ಪಾಲಕರು ಮುಂಬಯಿ, ಪುಣೆಯ ಕನ್ನಡಿಗರಲ್ಲಿ ಬಹಳ ಮಂದಿ. ಅವರ ತಟ್ಟೆಯ ಜೋಳದ ರೊಟ್ಟಿಗೂ, ಕೊಂಕಣದ ಅನ್ನಕ್ಕೂ ಕುರಿ ಸೇರಿದೆ. ಕುರಿ ಅತಿ ಮಳೆಯನ್ನು ತಾಳುವುದಿಲ್ಲ, ಗೊರಸಿನ ನಡುವೆ ಕೊಳೆತು ಕುಂಟುತ್ತದೆ. ಆದ್ದರಿಂದ ಮಹಾರಾಷ್ಟ್ರದ ಕುರಿಗಾರ ಸಮುದಾಯವಾದ ಧನಗರರ ಹಿಂಡುಗಳು ಮಳೆಗಾಲವನ್ನು ಪೂರ್ವದ ಒಣಸೀಮೆಯಲ್ಲಿ ಕಳೆದು, ದೀಪಾವಳಿಯ ಹೊತ್ತಿಗೆ ಭತ್ತದ ಕೊಯ್ಲು ಮುಗಿದ ಮೇಲೆ ಘಟ್ಟ ಇಳಿಯುತ್ತವೆ. ಗದ್ದೆಯವರು ರಾತ್ರಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ಕಾಳನ್ನೋ ಹಣವನ್ನೋ ಕೊಡುತ್ತಾರೆ. ಹಿಕ್ಕೆಯ ಜೊತೆಗೆ ಉಚ್ಚೆಯೂ ನೆಲಕ್ಕೇ ಬೀಳುವುದರಿಂದ ತಿಪ್ಪೆಯಿಂದ ಹೊತ್ತು ಹಾಕುವ ಗೊಬ್ಬರಕ್ಕಿಂತ ಇದರ ಸಾರ ಹೆಚ್ಚು. ಆದರೆ ಹಿಂಡು ಎದ್ದ ಮೇಲೆ ಕುಂಟೆ ಹೊಡೆದು ಗೊಬ್ಬರವನ್ನು ಮೇಲ್ಮಣ್ಣಿಗೆ ಬೆರೆಸಬೇಕು. ಬಿಸಿಲಿಗೆ ಬಿಟ್ಟರೆ ಸಾರಜನಕ ಗಾಳಿಗೆ ಹಾರಿಹೋಗುತ್ತದೆ, ಆ ಘಾಟು ಮೂಗಿಗೆ ಬರುತ್ತದಲ್ಲ, ಅದೇ ಹೋಗುತ್ತಿರುವ ಗೊಬ್ಬರ. ಮಕ್ಕಳಿಗೆ ಮಾಡಿಸಬಹುದಾದ ಪ್ರಯೋಗ: ಹತ್ತು ಕುರಿ ಮಲಗುವ ಜಾಗಕ್ಕೆ ಒಂದು ರಾತ್ರಿ ತಾಡಪಾಲು ಹಾಸಿ, ಬೆಳಿಗ್ಗೆ ಹಿಕ್ಕೆ ಗುಡಿಸಿ ತೂಗಿ, ಅದನ್ನು ಹಿಂಡಿನ ಲೆಕ್ಕಕ್ಕೆ ಗುಣಿಸಿ, ಒಂದು ಎಕರೆಗೆ ಎಷ್ಟು ರಾತ್ರಿ ಬೇಕೆಂದು ತಾವೇ ಕಂಡುಕೊಳ್ಳಲಿ. ಮುಂಬಯಿಯ ಶಾಲೆಗಳಿಗೆ ಈ ಪಾಠಕ್ಕೆ ಪುಣೆಗಿಂತ ಕೊಂಕಣದ ಗದ್ದೆಬಯಲೇ ಹತ್ತಿರ.

ಉಣ್ಣೆಯ ಕತೆ ಬೇಸರದ್ದು. ದಖ್ಖನಿ ಕುರಿಯ ಉಣ್ಣೆ ಕಪ್ಪು, ಒರಟು, ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಸೇರಿ ಅರ್ಧ ಕಿಲೋದ ಆಸುಪಾಸು. ಸ್ವೆಟರಿಗೆ ಬರುವುದಿಲ್ಲ, ಕಂಬಳಿಗೇ ಬರಬೇಕು. ಎರಡು ಕಿಲೋ ತೂಗುವ ಕಂಬಳಿಗೆ ನಾಲ್ಕೈದು ಕುರಿಗಳ ಒಂದು ವರ್ಷದ ಉಣ್ಣೆ ಬೇಕು. ಹಾಸಿನ, ಅಂದರೆ ಉದ್ದೆಳೆಯ, ನೂಲು ಬಿಗಿಯಾಗಲು ಹುಣಸೆಬೀಜದ ಗಂಜಿ ಬಳಿಯುತ್ತಾರೆ. ಹೊಸ ಕಂಬಳಿ ಸೆಟೆದು ನಿಲ್ಲುವುದು ಅದರಿಂದಲೇ. ಈಗ ಉಣ್ಣೆ ಮಾರಿದ ಹಣ ಕತ್ತರಿಸುವವರ ಕೂಲಿಗೂ ಸಾಲದ ಕಡೆಗಳಿವೆ. ಆದ್ದರಿಂದ ಕುರಿಗಾರರು ಉಣ್ಣೆ ಕಡಿಮೆಯ, ಮೈ ದೊಡ್ಡದಾದ ಮಾಡಗ್ಯಾಳದಂಥ ತಳಿಗೆ ತಿರುಗುತ್ತಿದ್ದಾರೆ. ಮಾಡಗ್ಯಾಳ ಇರುವುದು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಕನ್ನಡ ಮಾತಾಡುವ ಸೀಮೆ. ಅಲ್ಲಿನ ಕುರಿಗಾರರ ಜೊತೆ ನಮ್ಮ ಮಕ್ಕಳು ಕನ್ನಡದಲ್ಲೇ ಪ್ರಶ್ನೆ ಕೇಳಬಹುದು. ಉಣ್ಣೆ ಕತ್ತರಿಸುವುದನ್ನು ತೋರಿಸುವುದಿದ್ದರೆ ಒಣ ಬಿಸಿಲಿನ ದಿನ ಆರಿಸಿ. ಒದ್ದೆ ಉಣ್ಣೆ ಗೋಣಿಯಲ್ಲಿ ಕೊಳೆಯುತ್ತದೆ, ಉಣ್ಣೆ ಕತ್ತರಿಸಿದ ಕುರಿಗೆ ಮಳೆ ಬಡಿದರೆ ನ್ಯುಮೋನಿಯಾ ಆಗಬಹುದು.

ಮಾಂಸದ ಮಾತನ್ನು ಶಾಲೆಗಳು ಹಾರಿಸಿಬಿಡುತ್ತವೆ. ಹಾಗೆ ಮಾಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಆರನೆಯ ತರಗತಿಯ ಮಗುವಿಗೆ ಗೊತ್ತೇ ಇರುವುದನ್ನು ದೊಡ್ಡವರು ಮುಚ್ಚಿಟ್ಟರೆ, ಉಳಿದ ಪಾಠವನ್ನೂ ಅದು ನಂಬುವುದಿಲ್ಲ. ಮರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ನೇರವಾಗಿ ಹೇಳಿ: ಗಂಡುಮರಿಗಳಲ್ಲಿ ಬಹುಪಾಲು ಮಾಂಸಕ್ಕೆ ಮಾರಾಟವಾಗುತ್ತವೆ, ಹೆಣ್ಣುಮರಿಗಳನ್ನು ಹಿಂಡಿಗೆ ಉಳಿಸಿಕೊಳ್ಳುತ್ತಾರೆ, ಮೂವತ್ತು ಹೆಣ್ಣಿಗೆ ಒಂದೇ ಟಗರು ಸಾಕಲ್ಲವೇ. ಮಕ್ಕಳನ್ನು ಕಸಾಯಿಖಾನೆಗೆ ಕರೆದೊಯ್ಯಬೇಕಾಗಿಲ್ಲ. ಆದರೆ 1971ರಿಂದ ನಡೆಯುತ್ತಿರುವ ಮುಂಬಯಿಯ ದೇವನಾರ್‌ನಂಥ ಮಹಾನಗರಪಾಲಿಕೆಯ ವಧಾಗೃಹದಲ್ಲಿ ಪಶುವೈದ್ಯರು ಜೀವಂತ ಕುರಿಯನ್ನು ಒಮ್ಮೆ, ಕಡಿದ ಮೇಲೆ ಅಂಗಾಂಗಗಳನ್ನು ಇನ್ನೊಮ್ಮೆ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ ಎಂಬುದು, ಮೇಲೆ ಹೇಳಿದ ನೀರುಗುಳ್ಳೆಯನ್ನು ಅವರು ಹುಡುಕುವುದು ಅಲ್ಲೇ ಎಂಬುದು ಮಕ್ಕಳಿಗೆ ತಿಳಿಯಲಿ. ಲೆಕ್ಕವನ್ನೂ ಮಾಡಿಸಿ. ಜುಲೈಯಲ್ಲಿ ಗಬ್ಬ ಕಟ್ಟಿದ ಕುರಿ, ಡಿಸೆಂಬರಿನಲ್ಲಿ ಹುಟ್ಟಿದ ಮರಿ, ಮರುವರ್ಷ ಮಾರ್ಚಿಗೆ ಹಾಲು ಬಿಟ್ಟು, ಅದೇ ವರ್ಷ ಸೆಪ್ಟೆಂಬರಿಗೆ 24 ಕಿಲೋ. ಅದರಲ್ಲಿ ಮೂಳೆ ಸಹಿತ ಮಾಂಸ ಶೇಕಡಾ 45, ಅಂದರೆ 11 ಕಿಲೋದ ಹತ್ತಿರ. ತಲೆಗೆ 150 ಗ್ರಾಂ ಹಿಡಿದರೆ ಎಪ್ಪತ್ತು ಚಿಲ್ಲರೆ ಪಾಲು. ಅದರ ಹಿಂದೆ ಹದಿನಾಲ್ಕು ತಿಂಗಳು, ದಿನಕ್ಕೆ ತೂಕದ ಶೇಕಡಾ 3ರಿಂದ 4ರಷ್ಟು ಒಣಮೇವು, ಬೇಸಿಗೆಯಲ್ಲಿ ದಿನಕ್ಕೆ ಮೂರು-ನಾಲ್ಕು ಲೀಟರ್ ನೀರು. ನಗರದಲ್ಲಿ ಮಟನ್ ಎಂದು ಮಾರುವುದರಲ್ಲಿ ಹೆಚ್ಚಿನದು ಆಡಿನದು ಎಂಬುದೂ ಮಕ್ಕಳಿಗೆ ಹೊಸ ಸುದ್ದಿ. 2019ರ ಜಾನುವಾರು ಗಣತಿಯಂತೆ ಮಹಾರಾಷ್ಟ್ರದಲ್ಲಿ ಕುರಿ ಸುಮಾರು 27 ಲಕ್ಷ, ಆಡು ಒಂದು ಕೋಟಿಗೂ ಮೇಲೆ. ಕರ್ನಾಟಕದಲ್ಲಿ ಕುರಿಯೇ 1 ಕೋಟಿ 11 ಲಕ್ಷದಷ್ಟು.

ಪರಿಸರ ದಿನ ಆಚರಿಸುವ ಶಾಲೆಗಳಿಗೆ ಒಂದು ಮಾತು. ಜೇಜುರಿ, ಸಾಸವಡ, ಬಾರಾಮತಿ, ಇಂದಾಪುರದ ಕಡೆಯ ಮಾಳಗಳನ್ನು ಬಂಜರು ಎಂದು ತಿಳಿದು ಅಲ್ಲಿ ಗುಂಡಿ ತೋಡಿ ಗಿಡ ನೆಡಬೇಡಿ. ಅದು ಹುಲ್ಲಿನ ನೆಲ. ಕುರಿಯ ಮೇವು, ತೋಳ, ನರಿ, ಚಿಂಕಾರದ ಮನೆ. ತೋಳ ವರ್ಷಕ್ಕೆ ಒಂದೆರಡು ಮರಿ ಒಯ್ಯುತ್ತದೆಂದು ಗೊತ್ತಿದ್ದೂ ಕುರಿಗಾರರು ಆ ಮಾಳವನ್ನು ಉಳಿಸಿಕೊಂಡು ಬಂದಿದ್ದಾರೆ. ಮರ ನೆಟ್ಟರೆ ನೆರಳಿಗೆ ಹುಲ್ಲು ಸಾಯುತ್ತದೆ, ಕೆದಕಿದ ಮಣ್ಣಿಗೆ ಕಾಂಗ್ರೆಸ್ ಕಸ ಬರುತ್ತದೆ. ಭಾರತದಲ್ಲಿ ಆ ಕಸ ಹಬ್ಬಿದ್ದು 1950ರ ದಶಕದಲ್ಲಿ ಇದೇ ಪುಣೆಯಿಂದ, ಕುರಿ ಅದಕ್ಕೆ ಬಾಯಿ ಹಾಕುವುದಿಲ್ಲ. ಮಕ್ಕಳಿಗೆ ಕೆಲಸ ಕೊಡುವುದಿದ್ದರೆ ಮಳೆಗಾಲದಲ್ಲಿ, ಹೂ ಬರುವ ಮೊದಲು, ಕೈಗೆ ಗವುಸು ಹಾಕಿಸಿ ಆ ಕಸವನ್ನು ಬೇರು ಸಹಿತ ಕೀಳಿಸಿ. ಚರ್ಮದ ಅಲರ್ಜಿ, ದಮ್ಮು ಇರುವ ಮಕ್ಕಳನ್ನು ಅದರಿಂದ ದೂರ ಇಡಿ.

ಹಿಂಡು ಹುಡುಕುವುದು ಕಷ್ಟವಲ್ಲ. ಪುಣೆಯ ಗೋಖಲೆನಗರದಲ್ಲಿ ರಾಜ್ಯದ ಕುರಿ ಮತ್ತು ಆಡು ಅಭಿವೃದ್ಧಿ ಮಹಾಮಂಡಳದ ಕಚೇರಿಯಿದೆ. ಪ್ರತಿ ತಾಲ್ಲೂಕಿನ ಪಶು ದವಾಖಾನೆಯವರಿಗೂ ಯಾವ ಹಿಂಡು ಯಾವ ಊರ ಹೊಲದಲ್ಲಿದೆ ಎಂದು ಗೊತ್ತಿರುತ್ತದೆ. ಲಸಿಕೆ ಹಾಕುವವರು ಅವರೇ. ಕುರಿ, ಆಡುಗಳ ಮಾರಕ ಅಂಟುರೋಗವಾದ ಪಿಪಿಆರ್ ಲಸಿಕೆಯ ದಿನವನ್ನೇ ಭೇಟಿಗೆ ಆರಿಸಿದರೆ, ಐಸಿನಲ್ಲಿಟ್ಟ ಬಾಟಲಿ, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸುವ ಅವಸರ, ಒಂದು ಮಿ.ಲೀ. ಚರ್ಮದಡಿ ಚುಚ್ಚುವುದು, ಎಲ್ಲವನ್ನೂ ಮಕ್ಕಳು ನೋಡುತ್ತಾರೆ. ಐಸು ಕರಗಿದ ಡಬ್ಬಿಯಲ್ಲಿ ತಂದ ಲಸಿಕೆ ನೀರಿಗೆ ಸಮ. ಹಾಕಿಸಿದ್ದೇವೆಂಬ ನೆಮ್ಮದಿಯಲ್ಲಿ ಹಿಂಡುಗಳು ಸಾಯುವುದು ಹೀಗೆಯೇ.

ಒಮ್ಮೆಗೆ ಇಪ್ಪತ್ತು ಮಕ್ಕಳಿಗಿಂತ ಹೆಚ್ಚು ಬೇಡ. ನೂರು ಮಕ್ಕಳ ಗದ್ದಲಕ್ಕೆ ಹಿಂಡು ಬೆದರಿ ಓಡಿದರೆ ಗಬ್ಬದ ಕುರಿಗಳು ನೂಕುನುಗ್ಗಲಿಗೆ ಸಿಕ್ಕಿ ಕಂದು ಹಾಕುತ್ತವೆ. ಬೆಳಿಗ್ಗೆ ಹಟ್ಟಿಯಿಂದ ಹಿಂಡು ಏಳುವ ಹೊತ್ತಿಗೆ ಅಲ್ಲಿರಬೇಕು ಅಥವಾ ಸಂಜೆ ಮರಳುವಾಗ. ಹತ್ತು ಗಂಟೆಗೆ ಬಂದು ಮೇಯುವ ಹಿಂಡನ್ನು ನಿಲ್ಲಿಸಬೇಡಿ, ಆ ದಿನ ಹೊಟ್ಟೆ ತುಂಬದ ಕುರಿ ಮರಿಗೆ ಹಾಲು ಕೊಡುವುದಿಲ್ಲ. ಬಸ್ಸಿಗೆ, ತಿಂಡಿಗೆ, ರಿಸಾರ್ಟಿನ ಪ್ರವೇಶಕ್ಕೆ ಪಾಲಕರಿಂದ ಹಣ ಕೂಡಿಸುವ ಶಾಲೆಗಳು ಕುರಿಗಾರನಿಗೆ ಶಾಲು ಹೊದಿಸಿ ಕಳಿಸುವುದನ್ನು ಬಿಡಲಿ. ಅವನು, ಅವನ ಹೆಂಡತಿ ಇಬ್ಬರೂ ಆ ದಿನದ ಶಿಕ್ಷಕರು. ಮರಿ, ಮೇವು, ಅಡುಗೆ, ಬಿಡಾರ ನೋಡಿಕೊಳ್ಳುವ ಹೆಂಗಸರಿಗೆ ಹಿಂಡಿನ ಪ್ರತಿ ಮರಿಯ ತಾಯಿ ಯಾವುದೆಂದು ಗೊತ್ತು. ಇಬ್ಬರಿಗೂ ಅತಿಥಿ ಶಿಕ್ಷಕರಿಗೆ ಕೊಡುವ ಸಂಭಾವನೆಯನ್ನೇ, ಮೊದಲೇ ಮಾತಾಡಿ, ಅದೇ ದಿನ ಕೈಗೆ ಕೊಡಿ. ಮುಂದಿನ ಭೇಟಿಯ ತಿಂಗಳನ್ನೂ ಆಗಲೇ ಕೇಳಿಕೊಂಡು ಬನ್ನಿ, ಹಿಂಡು ಯಾವ ದಾರಿ ಹಿಡಿಯುತ್ತದೆಂದು ತಿಳಿದವರು ಅವರೇ.

ಇಂತಿ,
ಕುರಿಸಾಕಣೆ ಮತ್ತು ಪಶುವೈದ್ಯಕೀಯ ವೃತ್ತಿಯ ಕನ್ನಡಿಗರು,
ಪುಣೆ